ಮನೆಯೊಳಗಿನ ಫೋಟೋಗೆ ಯಾವ ಲೆನ್ಸ್? ಕೋಣೆಯ ಮೂಲೆಯಿಂದ ಲೆಕ್ಕ ಶುರು ಮಾಡಿ

ಕೋಣೆಯ ಮೂಲೆ ಅಂದರೆ 90 ಡಿಗ್ರಿ. ಬಾಡಿಗೆಗೋ ಮಾರಾಟಕ್ಕೋ ಇರುವ ಮನೆಗಳ ಫೋಟೋ ತೆಗೆಯಲು ಲೆನ್ಸ್ ಹುಡುಕುತ್ತಿದ್ದರೆ ಮೊದಲು ಈ ಸಂಖ್ಯೆ ತಲೆಯಲ್ಲಿರಲಿ. ಮಾಡೆಲ್, ಬೆಲೆ, ರಿವ್ಯೂ ಎಲ್ಲ ಆಮೇಲೆ. ಮೂಲೆಗೆ ಬೆನ್ನು ಕೊಟ್ಟು ನಿಂತರೆ ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ, ಇಡೀ ಕೋಣೆ ಅವೆರಡರ ನಡುವೆ. ಲೆನ್ಸ್‌ನ ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಅಗಲ ಕಾಣುತ್ತದೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ ಅಡ್ಡಕ್ಕೆ ಸರಿಯಾಗಿ 90 ಡಿಗ್ರಿ ಕಾಣುವುದು 18 ಎಂಎಂ ಲೆನ್ಸ್‌ನಲ್ಲಿ. ಚಿತ್ರ ಮೂಡುವ ಆ ಸೆನ್ಸರ್ 36 ಎಂಎಂ ಅಗಲ, ಅದರ ಅರ್ಧ 18, ಅಷ್ಟೇ ಲೆಕ್ಕ.

ಆದರೆ ಕ್ಯಾಮೆರಾವನ್ನು ಮೂಲೆಯೊಳಗೇ ತೂರಿಸಲು ಆಗುವುದಿಲ್ಲ ಅಲ್ವಾ? ಟ್ರೈಪಾಡ್ ಕಾಲಿಗೆ ಜಾಗ ಬೇಕು, ಹಿಂದೆ ನೀವೂ ನಿಲ್ಲಬೇಕು. ಲೆನ್ಸ್ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ ಬಂದೇ ಬರುತ್ತದೆ. ಅದಕ್ಕೇ ಸ್ವಲ್ಪ ಹೆಚ್ಚು ಅಗಲ ಕೈಯಲ್ಲಿರಲಿ ಅಂತ 16 ಎಂಎಂನಿಂದ ಶುರುವಾಗುವ ಜೂಮ್ ತೆಗೆದುಕೊಳ್ಳಬೇಕು. 16 ಎಂಎಂ ಸುಮಾರು 97 ಡಿಗ್ರಿ ತೋರಿಸುತ್ತದೆ.

ನಿಮ್ಮ ಕ್ಯಾಮೆರಾ ಯಾವುದು?

ಹೆಚ್ಚಿನವರ ಹತ್ತಿರ ಇರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಸೆನ್ಸರ್ ಫುಲ್ ಫ್ರೇಮ್‌ಗಿಂತ ಚಿಕ್ಕದು. ನಿಕಾನ್, ಸೋನಿ, ಫ್ಯೂಜಿ ಆದರೆ 18 ಅನ್ನು 1.5ರಿಂದ ಭಾಗಿಸಿ, 12 ಎಂಎಂ ಬರುತ್ತದೆ. ಕ್ಯಾನನ್‌ನಲ್ಲಿ 1.6, ಅಂದರೆ ಸುಮಾರು 11. ಪ್ಯಾನಸಾನಿಕ್, ಒಲಿಂಪಸ್‌ನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ ಸೆನ್ಸರ್ ಇನ್ನೂ ಚಿಕ್ಕದು, 2ರಿಂದ ಭಾಗಿಸಿ, 9. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ ಯಾಕೆ ಸಾಲುವುದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕ್ರಾಪ್ ಸೆನ್ಸರ್‌ನಲ್ಲಿ ಅದರ 18 ಎಂಎಂ ತೋರಿಸುವುದು ಸುಮಾರು 65 ಡಿಗ್ರಿ ಮಾತ್ರ. ಮಂಚ ಕಾಣುತ್ತದೆ, ಕಿಟಕಿ ಕಾಣುತ್ತದೆ, ವಾರ್ಡ್‌ರೋಬ್ ಹೊರಗೆ ಉಳಿಯುತ್ತದೆ.

ಹೀಗಾಗಿ ಕ್ರಾಪ್ ಕ್ಯಾಮೆರಾದವರು ನೋಡಬೇಕಾದದ್ದು 10 ಎಂಎಂ ಆಸುಪಾಸಿನಲ್ಲಿ ಶುರುವಾಗುವ ಜೂಮ್‌ಗಳನ್ನು. ಕ್ಯಾನನ್‌ನ 10-18 ಎಂಎಂ, ನಿಕಾನ್‌ನ ಎಎಫ್-ಪಿ 10-20 ಎಂಎಂ, ಸೋನಿಯ 10-18 ಎಫ್ 4, ಟೋಕಿನಾದ 11-16. ನಿಕಾನ್‌ನವರು ಒಂದು ವಿಷಯ ಗಮನಿಸಿ. ಆ ಎಎಫ್-ಪಿ ಲೆನ್ಸ್ ಡಿ 5100, ಡಿ 7000ದಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ದುಡ್ಡು ಕೊಡುವ ಮುಂಚೆ ನಿಮ್ಮ ಕ್ಯಾಮೆರಾಗೇ ಹಾಕಿ ನೋಡಿ. ಫುಲ್ ಫ್ರೇಮ್‌ನವರಿಗೆ ಕ್ಯಾನನ್, ಸೋನಿಯ 16-35 ಎಫ್ 4, ನಿಕಾನ್ ಜೆಡ್‌ನ 14-30 ಎಫ್ 4 ಇವೆ.

ಇನ್ನೂ ಅಗಲ ಬೇಕಾ?

ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ನಿಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಿಂದಿಗೆ ಇಡಿ. ಮೊದಲು ಫ್ರೇಮಿನ ಮಧ್ಯದಲ್ಲಿಟ್ಟು ಒಂದು ಫೋಟೋ ತೆಗೆಯಿರಿ. ಆಮೇಲೆ ಅದೇ ಬಿಂದಿಗೆ ಫ್ರೇಮಿನ ಅಂಚಿಗೆ ಬರುವ ಹಾಗೆ ಕ್ಯಾಮೆರಾ ತಿರುಗಿಸಿ ಇನ್ನೊಂದು. ಮಧ್ಯದಲ್ಲಿ ದುಂಡಗಿದ್ದದ್ದು ಅಂಚಿನಲ್ಲಿ ಯಾರೋ ಕೈಯಲ್ಲಿ ಹಿಡಿದು ಎಳೆದ ಹಾಗೆ ಅಗಲವಾಗಿ ಕಾಣುತ್ತದೆ. ಫುಲ್ ಫ್ರೇಮ್‌ನಲ್ಲಿ ಈ ಎಳೆತದಿಂದ ಎತ್ತರಕ್ಕೆ ಹೋಲಿಸಿದರೆ ಅಗಲ 24 ಎಂಎಂನಲ್ಲಿ ಸುಮಾರು ಕಾಲು ಭಾಗ, 16 ಎಂಎಂನಲ್ಲಿ ಸುಮಾರು ಅರ್ಧ ಭಾಗ ಹೆಚ್ಚುತ್ತದೆ. ಇದು ಲೆನ್ಸಿನ ದೋಷ ಅಲ್ಲ. ನೇರ ಗೆರೆಯನ್ನು ನೇರವಾಗಿಯೇ ಇಟ್ಟು ಅಷ್ಟು ಅಗಲ ತೋರಿಸಬೇಕೆಂದರೆ ಅಂಚು ಹಿಗ್ಗಲೇಬೇಕು, ಎಷ್ಟು ದುಡ್ಡು ಕೊಟ್ಟರೂ ತಪ್ಪದು. ಬಿಂದಿಗೆಗೆ ಆದದ್ದೇ ಅಂಚಿನಲ್ಲಿರುವ ಮಂಚಕ್ಕೆ, ಸೋಫಾಗೆ, ಕಮೋಡಿಗೆ ಎಲ್ಲಕ್ಕೂ ಆಗುತ್ತದೆ.

ಶುರುವಿನ ದಿನಗಳಲ್ಲಿ ಬೆಂಗಳೂರಿನ ಒಂದು ಫ್ಲಾಟಿನಲ್ಲಿ 10 ಅಡಿಗೆ 10 ಅಡಿಯ ಬೆಡ್‌ರೂಮನ್ನು ಕ್ರಾಪ್ ಕ್ಯಾಮೆರಾಗೆ 10 ಎಂಎಂ ಹಾಕಿ ತೆಗೆದುಕೊಟ್ಟಿದ್ದೆ. ಮಂಚದ ಪಕ್ಕ ಇನ್ನೊಂದು ಮಂಚ ಹಾಕಬಹುದು ಅನ್ನುವಷ್ಟು ಜಾಗ ಕಂಡಿತು. ಮನೆ ನೋಡಲು ಬಂದ ಗಂಡ ಹೆಂಡತಿ ಆ ರೂಮಿನ ಬಾಗಿಲಲ್ಲೇ ನಿಂತುಬಿಟ್ಟರು. ಆಕೆ ಫೋನಿನಲ್ಲಿದ್ದ ಫೋಟೋ ತೆಗೆದು ಎದುರಿಗೆ ಹಿಡಿದು, "ಇದೇನಾ ಸರ್ ಆ ರೂಮು?" ಅಂದರು. ರಜೆ ಹಾಕಿ, ಮಗುವನ್ನು ಎತ್ತಿಕೊಂಡು, ಊರಿನ ಇನ್ನೊಂದು ತುದಿಯಿಂದ ಬಂದಿದ್ದರು. ಹತ್ತು ನಿಮಿಷವೂ ಇರಲಿಲ್ಲ. ಅವತ್ತಿನಿಂದ ಚಿಕ್ಕ ರೂಮಿಗೆ ಕ್ರಾಪ್‌ನಲ್ಲಿ 12, ಹಾಲ್‌ಗೆ 14ರಿಂದ 16, 12ಕ್ಕಿಂತ ಕೆಳಗೆ ಇಳಿಯುವುದು ಬಚ್ಚಲು, ಯುಟಿಲಿಟಿಯಂಥ ಇಕ್ಕಟ್ಟಿನ ಜಾಗದಲ್ಲಿ ಮಾತ್ರ. ಬಾಗಿಲು ತೆಗೆದವರಿಗೆ ಫೋಟೋದಲ್ಲಿ ಕಂಡ ರೂಮೇ ಸಿಗಬೇಕು.

ಒಂದೇ ಎಂಎಂ ಇರುವ ಪ್ರೈಮ್ ಲೆನ್ಸ್ ಬೇಡ, ಜೂಮ್ ಇರಲಿ ಅನ್ನುವುದೂ ಇದಕ್ಕೇ. ಒಂದೇ ಮನೆಯಲ್ಲಿ 20 ಅಡಿ ಉದ್ದದ ಹಾಲ್ ಇರುತ್ತದೆ, 4 ಅಡಿಯ ದೇವರ ಕೋಣೆಯೂ ಇರುತ್ತದೆ. ಫಿಶ್‌ಐ ಲೆನ್ಸ್‌ನ ಕಡೆ ಹೋಗಲೇಬೇಡಿ, ಗೋಡೆಗಳೆಲ್ಲ ಬಾಗುತ್ತವೆ.

ಎಫ್ 2.8ಕ್ಕೆ ದುಡ್ಡು ಸುರಿಯಬೇಡಿ

ಅಂಗಡಿಯವರು ಎಫ್ 2.8 ತೋರಿಸುತ್ತಾರೆ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಮದುವೆ ಫೋಟೋಗೆ ಅದು ಬೇಕು, ಮಂಟಪದಲ್ಲಿ ಜನ ಓಡಾಡುತ್ತಿರುತ್ತಾರೆ. ಸೋಫಾ ಓಡಾಡುವುದಿಲ್ಲ. ಇಲ್ಲಿ ಕೆಲಸ ನಡೆಯುವುದು ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಎಫ್ 8. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಏನೂ ತೊಂದರೆ ಇಲ್ಲ, ಫ್ಯಾನ್ ಮಾತ್ರ ಆಫ್ ಮಾಡಿ. ಎಫ್ 4, ಅಷ್ಟೇ ಯಾಕೆ, ಎಫ್ 5.6 ಲೆನ್ಸ್ ಕೂಡ ಧಾರಾಳ ಸಾಕು. ಉಳಿದ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತಗೊಳ್ಳಿ.

ಲೆನ್ಸ್‌ನಲ್ಲಿ ನಿಜವಾಗಿ ನೋಡಬೇಕಾದ ಗುಣ ಬೇರೆ. ಮನೆಯೊಳಗಿನ ಪ್ರತಿ ಫೋಟೋದಲ್ಲೂ ಒಂದು ಕಿಟಕಿ ಇದ್ದೇ ಇರುತ್ತದೆ. ಬಿಸಿಲು ಎದುರಿಗೆ ಬಂದಾಗ ಚಿತ್ರ ಮಂಕಾಗಬಾರದು, ಬಣ್ಣದ ಚುಕ್ಕೆಗಳು ಏಳಬಾರದು. ಕತ್ತಲಿನ ಮೂಲೆ ಮತ್ತು ಕಿಟಕಿಯ ಬೆಳಕು ಎರಡೂ ಸಿಗಬೇಕೆಂದು ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಅಂತರದಲ್ಲಿ ಮೂರೋ ಐದೋ ಫೋಟೋ ತೆಗೆದು ಸೇರಿಸುತ್ತೇವೆ. ಆ ಮಂಕು, ಚುಕ್ಕೆಗಳು, ಅಂದರೆ ಫ್ಲೇರ್ ಇದ್ದರೆ ಸೇರಿಸಿದ ಮೇಲೂ ಅದು ಹೋಗುವುದಿಲ್ಲ.

ಇನ್ನು ಬಾಗಿಲಿನ ಚೌಕಟ್ಟು ಹೊರಕ್ಕೆ ಉಬ್ಬಿದ ಹಾಗೆ ಕಂಡರೆ ಅದು ಲೆನ್ಸಿನದೇ ಸಮಸ್ಯೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಆ ಲೆನ್ಸ್‌ನ ಪ್ರೊಫೈಲ್ ಹಾಕಿದರೆ ಸರಿಹೋಗುತ್ತದೆ, ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ. ಗೋಡೆಗಳು ಒಳಕ್ಕೆ ವಾಲಿದಂತೆ ಕಂಡರೆ ಲೆನ್ಸ್ ಬೈಯಬೇಡಿ, ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಬಾಗಿದೆ. ನೆಲದಿಂದ 4 ಅಡಿ ಎತ್ತರದಲ್ಲಿ ಮಟ್ಟಸವಾಗಿ ನಿಲ್ಲಿಸಿ. ಅಡುಗೆಮನೆಯಲ್ಲಿ ಕಟ್ಟೆಯ ಮೇಲ್ಭಾಗ ಕಾಣುವಷ್ಟು ಇನ್ನೂ ಸ್ವಲ್ಪ ಏರಿಸಿ. ಕ್ಯಾನನ್‌ನ 17 ಎಂಎಂ, ನಿಕಾನ್‌ನ 19 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್‌ಗಳಲ್ಲಿ ಕ್ಯಾಮೆರಾ ಬಾಗಿಸದೆಯೇ ಚಿತ್ರವನ್ನು ಮೇಲೆ ಕೆಳಗೆ ಸರಿಸಬಹುದು. ಅದ್ಭುತ ಕೆಲಸ, ಆದರೆ ತುಂಬಾ ದುಬಾರಿ. ಆರ್ಕಿಟೆಕ್ಟ್‌ಗಳ ಕೆಲಸ ಬರಲು ಶುರುವಾದ ಮೇಲೆ ಯೋಚಿಸಿ.

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತನ್ನಿ

ಊರಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವವರಿದ್ದರೆ ಒಂದು ದಿನದ ಮಟ್ಟಿಗೆ ಲೆನ್ಸ್ ತಂದು ನಿಮ್ಮದೇ ಮನೆಯ ಅತಿ ಚಿಕ್ಕ ರೂಮು, ಹಾಲ್, ಅಡುಗೆಮನೆ ಮೂರನ್ನೂ ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಫೋಟೋಗೂ ಯಾವ ಎಂಎಂ ಬಳಸಿದ್ದೀರಿ ನೋಡಿ. ಹೆಚ್ಚಿನವು 12ರಿಂದ 16ರ ನಡುವೆಯೇ ಇದ್ದರೆ 8 ಎಂಎಂ ಲೆನ್ಸ್‌ಗೆ ಸುಮ್ನೆ ಯಾಕೆ ದುಡ್ಡು?

ಸೆಕೆಂಡ್ ಹ್ಯಾಂಡ್ ಆದರೆ ಎರಡು ಪರೀಕ್ಷೆ. ಇಟ್ಟಿಗೆ ಗೋಡೆಗೆ ಕ್ಯಾಮೆರಾ ನೇರ ಹಿಡಿದು ಎಫ್ 8ರಲ್ಲಿ ಒಂದು ಫೋಟೋ ತೆಗೆಯಿರಿ, ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಜರುಗಿರಬಹುದು. ಎರಡನೆಯದು, ಹಿಂದಿನ ಮುಚ್ಚಳ ತೆಗೆದು ಫೋನಿನ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ಒಳಗೆ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲ ಕಳೆದ ಲೆನ್ಸ್ ಆದರೆ ಇದನ್ನಂತೂ ಬಿಡಬೇಡಿ. ನೀವೂ ಆ ಕಡೆಯವರೇ ಆದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಎರಡನ್ನೂ ಲೆನ್ಸ್ ತರುವ ದಿನವೇ ತನ್ನಿ.