ದುಬೈನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಲಿರುವ ಕೊಡಗಿನವರಿಗೆ

ರಜೆಗೆ ಸೋಮವಾರಪೇಟೆಗೆ ಬಂದಾಗಲೆಲ್ಲ ಯಾರಾದರೂ ಮನೆಗೆ ಬಂದು ಕೇಳುತ್ತಾರೆ: "ಮಿಲಿಟರಿಯಲ್ಲಿ ಇದ್ದವರಿಗೆ ಅಲ್ಲಿನ ಸೂಪರ್‌ವೈಸರ್ ಕೆಲಸ ಸುಲಭ ಅಲ್ವಾ?" ಶಿಸ್ತಿನ ಮಟ್ಟಿಗೆ ಹೌದು. ಅಧಿಕಾರ ಮಾತ್ರ ಬೇರೆ ಥರ.

ಮೊದಲು ಕಾರ್ಡ್. ಸೆಕ್ಯುರಿಟಿ ಕೆಲಸವನ್ನು ನಿಯಂತ್ರಿಸುವ ದುಬೈ ಸರ್ಕಾರದ ಸಿರಾ ಸಂಸ್ಥೆಯ ತರಬೇತಿ ಮುಗಿಸಿ, ಅದರ ಕಾರ್ಡ್ ಬಂದ ಮೇಲೆಯೇ ಗಾರ್ಡ್ ಡ್ಯೂಟಿಗೆ ನಿಲ್ಲಬೇಕು. ಸೂಪರ್‌ವೈಸರ್‌ಗೆ ಬೇರೆ ಕಾರ್ಡ್. ಅಬುಧಾಬಿಯ ವ್ಯವಸ್ಥೆಯೇ ಬೇರೆ.

ನಮ್ಮಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಅಲ್ಲಿ ನಿಮ್ಮ ಹುಡುಗರ ಕೈಯಲ್ಲಿರುವುದು ವಾಕಿಟಾಕಿ ಮತ್ತು ಲಾಗ್ ಬುಕ್. ಜಗಳವಾದರೆ ಜನರನ್ನು ದೂರ ಸರಿಸಿ, 999ಕ್ಕೆ ಫೋನ್ ಮಾಡಿ, ಹೊತ್ತು ಸಮೇತ ಬರೆದಿಡಿ. ಯಾರ ಮೈಮೇಲೂ ಕೈ ಹಾಕಬೇಡಿ.

ಹುಡುಗರು ಜಾಸ್ತಿ ಸಿಕ್ಕಿಬೀಳುವುದು ಮೊಬೈಲ್‌ನಿಂದ. ನನ್ನ ತಂಡದ ಒಬ್ಬ ಗಾರ್ಡ್ ಪಾರ್ಕಿಂಗ್‌ನಲ್ಲಿ ಗಾಯವಾಗಿದ್ದವರ ಫೋಟೋ ತೆಗೆದು, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಯುಎಇಯ 2021ರ 34ನೇ ಕಾನೂನಿನ (ಸೈಬರ್ ಅಪರಾಧದ ಕಾನೂನು) ಪ್ರಕಾರ, ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆದು ಹಂಚಿದರೆ ಕನಿಷ್ಠ 6 ತಿಂಗಳು ಜೈಲು, 1,50,000ದಿಂದ 5,00,000 ದಿರ್ಹಂ ದಂಡ, ಅಥವಾ ಎರಡರಲ್ಲಿ ಒಂದು. ಅದನ್ನು ನಾನು ಮೊದಲೇ ಹೇಳಿಕೊಡಬೇಕಿತ್ತು. ಅವತ್ತಿನಿಂದ ಪ್ರತಿ ಶಿಫ್ಟಿನ ಬ್ರೀಫಿಂಗ್‌ನಲ್ಲಿ ಹೇಳುತ್ತೇನೆ. ಸಿಸಿಟಿವಿ ದೃಶ್ಯವನ್ನೂ ಬಾಡಿಗೆದಾರರು ಕೇಳಿದರು ಅಂತ ಸುಮ್ನೆ ತೋರಿಸುವ ಹಾಗಿಲ್ಲ.

ಕ್ಲೈಂಟ್ ಜೊತೆ ಒಳ್ಳೆಯ ಮಾತಿರಲಿ. ಆದರೆ ಗೇಟಿನ ಗಾರ್ಡನ್ನು ಪೆಟ್ಟಿಗೆ ಹೊರಲು ಕರೆದರೆ, ಪೋಸ್ಟ್ ಆರ್ಡರ್ (ಆ ಜಾಗದ ಗಾರ್ಡ್ ಏನು ಮಾಡಬೇಕೆಂದು ಬರೆದಿರುವ ಸೂಚನೆ) ತೋರಿಸಿ ನಯವಾಗಿ ಬೇಡ ಎನ್ನಿ. ಆ ಹೊತ್ತಲ್ಲಿ ಕಳ್ಳತನವಾದರೆ ಕೇಳುವುದು ನಿಮ್ಮನ್ನೇ.

ರೋಸ್ಟರ್ ಬರೆಯುವವರು ನೀವು. ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48. ಬಿಡುವಿಲ್ಲದೆ ಸತತ 5 ಗಂಟೆಗಿಂತ ಜಾಸ್ತಿ ಇಲ್ಲ. ಓವರ್‌ಟೈಮ್‌ಗೆ ಮೂಲ ವೇತನದ ಲೆಕ್ಕದಲ್ಲಿ ಕನಿಷ್ಠ ಶೇ 25 ಹೆಚ್ಚು. ನಿಂತಷ್ಟು ಗಂಟೆಯನ್ನು ನಿಂತಷ್ಟೇ ಬರೆಯಿರಿ. ಸಂಬಳದಲ್ಲಿ ವ್ಯತ್ಯಾಸ ಬಂದಾಗ ಗಾರ್ಡ್‌ಗೆ ಇರುವ ಆಧಾರ ಅದೊಂದೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮೂರಲ್ಲಿ ಜಡಿಮಳೆ ಹಿಡಿದಿರುವ ದಿನಗಳವು. ಗೇಟಿಗೆ ನೆರಳು, ನೀರು, ಬದಲಿ ಆಳು ಬೇಕೆಂದು ಮೇ ತಿಂಗಳಲ್ಲೇ ಲಿಖಿತವಾಗಿ ಕೇಳಿ.

ಇನ್ನೊಂದು. ಗಾರ್ಡ್‌ಗಳ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಕಂಪನಿಗೆ ಹಕ್ಕಿಲ್ಲ. ಸಂಗ್ರಹಿಸಿ ಕೊಡು ಎಂದು ನಿಮಗೆ ಯಾರಾದರೂ ಹೇಳಿದರೆ, ಆ ಕೆಲಸಕ್ಕೆ ಕೈ ಹಾಕಬೇಡಿ.