ಶಿಕಾಗೋ ನಗರದ ಚರಿತ್ರೆಯನ್ನು ಅಭ್ಯಾಸ ಮಾಡುವ ಕ್ರಮ

ಕೋಲಾರದ ಪದವಿ ವಿದ್ಯಾರ್ಥಿಗಳಿಗೆ ಶಿಕಾಗೋ ಎಂದೊಡನೆ 1893ರ ಸರ್ವಧರ್ಮ ಸಮ್ಮೇಳನ, ಸ್ವಾಮಿ ವಿವೇಕಾನಂದರ ಭಾಷಣ ನೆನಪಾಗುವುದು ಸಹಜ. ಆದರೆ ಆ ನಗರದ ಸಾಮಾಜಿಕ, ರಾಜಕೀಯ ಚರಿತ್ರೆಯನ್ನು ತಿಳಿಯಬೇಕೆನ್ನುವವರು, ಅದೇ ವರ್ಷ ಅಮೆರಿಕವನ್ನು ಕವಿದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿನ ಕಾರ್ಮಿಕರ ಪಾಡೇನಾಯಿತು ಎಂಬಲ್ಲಿಂದ ಆರಂಭಿಸುವುದು ಮೇಲು.

ಮೊದಲು ಒಂದು ನಕ್ಷೆ ಬರೆದುಕೊಳ್ಳಿ. ಪೂರ್ವಕ್ಕೆ ಮಿಷಿಗನ್ ಸರೋವರ, ದಕ್ಷಿಣಕ್ಕೆ 1865ರಲ್ಲಿ ಆರಂಭವಾದ ಜಾನುವಾರು ಮಾರುಕಟ್ಟೆ ಹಾಗೂ ಕಸಾಯಿಖಾನೆಗಳು, ಇನ್ನೂ ದಕ್ಷಿಣಕ್ಕೆ ರೈಲುಬೋಗಿ ತಯಾರಿಸುತ್ತಿದ್ದ ಪುಲ್‌ಮನ್ ಕಂಪನಿಯ ಊರು. ಇಸವಿಗಳನ್ನು ಬಾಯಿಪಾಠ ಮಾಡುವ ಬದಲು ಪ್ರತಿ ಘಟನೆಯನ್ನೂ ಅದು ನಡೆದ ಜಾಗದಲ್ಲಿ ಗುರುತಿಸಿ. ಯಾರು ಎಲ್ಲಿ ವಾಸಿಸಬಹುದು ಎಂಬುದೇ ಈ ನಗರದ ರಾಜಕೀಯದ ಬುಡದಲ್ಲಿರುವ ಪ್ರಶ್ನೆ.

ಪುಲ್‌ಮನ್ ಊರಿನಲ್ಲಿ ಕಾರ್ಖಾನೆಯೂ ಮನೆಗಳೂ ಕಂಪನಿಯವೇ. ಮುಗ್ಗಟ್ಟು ಬಂದಾಗ ಕಂಪನಿ ಕೂಲಿಯನ್ನು ಇಳಿಸಿತು, ಮನೆಬಾಡಿಗೆಯನ್ನು ಇಳಿಸಲಿಲ್ಲ. 1894ರ ಮುಷ್ಕರ ಹುಟ್ಟಿದ್ದು ಹೀಗೆ; ರಾಜ್ಯಪಾಲ ಆಲ್ಟ್‌ಗೆಲ್ಡ್ ವಿರೋಧಿಸಿದರೂ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಕಳುಹಿಸಿದರು. ಈ ಭಾಗವನ್ನು ಓದುವ ಮುನ್ನ ಕೆ.ಜಿ.ಎಫ್.ನಲ್ಲಿ ಗಣಿ ಕಂಪನಿಯ ಲೈನ್ ಮನೆಗಳಲ್ಲಿ ಬಾಳಿದ ಹಿರಿಯರೊಬ್ಬರನ್ನು ಮಾತನಾಡಿಸಿ. ಮಾಲೀಕನೇ ಮನೆಯೊಡೆಯನೂ ಆದಾಗ ಕೆಲಸಗಾರನ ಬಾಯಿ ಹೇಗೆ ಕಟ್ಟುತ್ತದೆಂಬುದು ಪುಸ್ತಕಕ್ಕಿಂತ ಅವರಿಂದ ಚೆನ್ನಾಗಿ ತಿಳಿದೀತು.

ಮುಂದೆ 1919ರ ಜುಲೈ 27ಕ್ಕೆ ಬನ್ನಿ. ಸರೋವರದ ದಂಡೆಯಲ್ಲಿ ಕರಿಯರು ಈಜುವ ಕಡೆ, ಬಿಳಿಯರು ಈಜುವ ಕಡೆ ಎಂದು ಕಾನೂನಿಲ್ಲದಿದ್ದರೂ ರೂಢಿಯಿತ್ತು. ತೆಪ್ಪದ ಮೇಲಿದ್ದ 17 ವರ್ಷದ ಯೂಜೀನ್ ವಿಲಿಯಮ್ಸ್ ಎಂಬ ಕರಿಯ ಹುಡುಗ ಆ ಕಾಣದ ಗೆರೆಯನ್ನು ದಾಟಿದಾಗ ಬಿಳಿಯನೊಬ್ಬ ಕಲ್ಲು ತೂರಿದ. ಹುಡುಗ ಮುಳುಗಿ ಸತ್ತ. ಆ ಬಳಿಕ ಭುಗಿಲೆದ್ದ ಗಲಭೆಯಲ್ಲಿ 23 ಕರಿಯರೂ 15 ಬಿಳಿಯರೂ ಪ್ರಾಣ ಕಳೆದುಕೊಂಡರು. ಈ ಗೆರೆಯನ್ನೂ ನಿಮ್ಮ ನಕ್ಷೆಯಲ್ಲಿ ಎಳೆಯಿರಿ.

ಕೊನೆಗೆ ವಾರ್ಡುಗಳನ್ನು ಗಮನಿಸಿ. 1955ರಿಂದ 1976ರವರೆಗೆ ಮೇಯರ್ ಆಗಿದ್ದ ರಿಚರ್ಡ್ ಜೆ. ಡೇಲಿ, ಮತ ತಂದುಕೊಡುವವರಿಗೆ ಸರ್ಕಾರಿ ಕೆಲಸ ಕೊಡುವ ಏರ್ಪಾಡಿನ ಬಲದಿಂದ ನಗರವನ್ನು ಆಳಿದರು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಮೊದಲ ಕರಿಯ ಮೇಯರ್ ಆಗಿ ಗೆದ್ದರೂ, 50 ಸದಸ್ಯರ ಪರಿಷತ್ತಿನಲ್ಲಿ 29 ಮಂದಿ ಅವರಿಗೆ ಅಡ್ಡನಿಂತರು. ನ್ಯಾಯಾಲಯದ ಆದೇಶದಂತೆ ವಾರ್ಡುಗಳ ಗಡಿ ಬದಲಾಗಿ, 1986ರಲ್ಲಿ ಕೆಲವು ವಾರ್ಡುಗಳಿಗೆ ಮರುಚುನಾವಣೆ ನಡೆದ ಮೇಲಷ್ಟೇ ಪರಿಷತ್ತು ಅವರ ಹಿಡಿತಕ್ಕೆ ಬಂತು. ನಗರಸಭೆಯ ವಾರ್ಡ್ ಪಟ್ಟಿಗಾಗಿ ಕಾದು ಕೂರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.