ಹಳೆಯ ಫ್ಯಾಮಿಲಿ ಬೋಟು: ಎಂಜಿನ್, ಜನರೇಟರ್ ನಾನು ಆರಿಸಿದ ಬಗೆ

ಹಳೆಯ ಬೋಟು ನೋಡಲು ಹೋದರೆ ಮಾರುವವರು ಮೊದಲು ಹೇಳುವುದು ಎಂಜಿನ್ ಎಷ್ಟು ಎಚ್‌ಪಿ, ಎಷ್ಟು ಗಂಟೆ ಓಡಿದೆ ಎಂದು. ನಾನು ಮೊದಲು ಕೇಳುವುದು ಅದು ತಣ್ಣಗಾಗುವುದು ಹೇಗೆ ಎಂದು. ಕಾಸರಗೋಡಿನ ನೀರಿನಲ್ಲಿ ಬೋಟಿನ ಎಂಜಿನ್ನು ಓಡಿ ಓಡಿ ಸವೆಯುವುದಕ್ಕಿಂತ ಉಪ್ಪು, ಕೆಸರು, ಓಡಿಸದೆ ಕಟ್ಟಿ ಹಾಕಿದ ತಿಂಗಳುಗಳಿಂದ ಹಾಳಾಗುವುದೇ ಹೆಚ್ಚು. ಹತ್ತು ವರ್ಷ ಹಳೆಯ ಬೋಟಿನ ಮೀಟರು 400 ಗಂಟೆ ತೋರಿಸಿದರೆ ನನಗೆ ಸಂತೋಷವಾಗುವುದಿಲ್ಲ. ಅಷ್ಟೇ ವಯಸ್ಸಿನ, 3000 ಗಂಟೆ ಓಡಿ ಹೊತ್ತುಹೊತ್ತಿಗೆ ಎಣ್ಣೆ ಬದಲಿಸಿಕೊಂಡ ಡೀಸೆಲ್ ಎಂಜಿನ್ನೇ ವಾಸಿ.

ನಾನು ಲೆಕ್ಕ ಹಾಕಿದ್ದು 36 ಅಡಿ ಉದ್ದದ, ಸುಮಾರು 8 ಟನ್ ತೂಗುವ, ಎರಡು ಕೋಣೆಯ ಫೈಬರ್ ಬೋಟಿಗೆ. ಓಡಾಟ ತೇಜಸ್ವಿನಿ ಹೊಳೆ, ವಲಿಯಪರಂಬ ಹಿನ್ನೀರು, ಕವ್ವಾಯಿವರೆಗೆ. ಕಡಲಿಗೆ ಇಳಿಯುವ ಮಾತಿಲ್ಲ. ಇಂಥ ಬೋಟು ನೀರನ್ನು ಸೀಳಿಕೊಂಡು ಹೋಗುತ್ತದೆ, ಸ್ಪೀಡ್‌ಬೋಟಿನಂತೆ ನೀರಿನ ಮೇಲೆದ್ದು ಓಡುವುದಿಲ್ಲ. ಆದ್ದರಿಂದ ಅದರ ವೇಗಕ್ಕೆ ಒಂದು ಮಿತಿ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಆ ಮಿತಿ ಸಿಗುತ್ತದೆ. 32 ಅಡಿಗೆ ಅದು ಸುಮಾರು 7.6 ನಾಟ್, ಅಂದರೆ ಗಂಟೆಗೆ 14 ಕಿಲೋಮೀಟರ್. ಅಲ್ಲಿಗೆ ಮುಟ್ಟಲು ಟನ್ನಿಗೆ 3ರಿಂದ 4 ಎಚ್‌ಪಿ ಸಾಕು. 5.5 ನಾಟಿನಲ್ಲಿ ನಿಧಾನವಾಗಿ ಸಾಗುವಾಗ ಇಡೀ ಬೋಟಿಗೆ 12ರಿಂದ 15 ಎಚ್‌ಪಿ ಸಾಕಾಗುತ್ತದೆ. ಮಳೆಗಾಲದಲ್ಲಿ ಹೊಳೆಯ ಸೆಳೆತಕ್ಕೆ, ಅಳಿವೆಯ ಹತ್ತಿರ ಇಳಿತದ ನೀರಿನ ಎದುರು ಹೋಗುವುದಕ್ಕೆ ಸ್ವಲ್ಪ ಬಲ ಕೈಯಲ್ಲಿರಬೇಕು. ಅದನ್ನೂ ಸೇರಿಸಿ 40ರಿಂದ 45 ಎಚ್‌ಪಿ ಎಂದು ನಿಶ್ಚಯಿಸಿದೆ.

"110 ಎಚ್‌ಪಿ ಎರಡಿದೆ, ಬಲಕ್ಕೆ ಕೊರತೆಯಿಲ್ಲ" ಎಂದು ಹೊಗಳುವ ಬೋಟುಗಳಿವೆ. ಹಾಗಿದ್ದರೆ ಎರಡೂ ಎಂಜಿನ್ನುಗಳು ಬದುಕಿಡೀ ಹತ್ತರಲ್ಲೊಂದು ಭಾಗದ ಭಾರದಲ್ಲಿ ತೆವಳುತ್ತವೆ. ಡೀಸೆಲ್ ಎಂಜಿನ್ನಿಗೆ ಅದು ಒಳ್ಳೆಯದಲ್ಲ. ಸರಿಯಾಗಿ ಕಾಯದೆ ಇಂಗಾಲ ಕಟ್ಟುತ್ತದೆ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ಎಣ್ಣೆ ಕುಡಿಯಲು ಶುರುವಾಗುತ್ತದೆ, ಟರ್ಬೊ ಇದ್ದರೆ ಅದೂ ಮಸಿ ಹಿಡಿಯುತ್ತದೆ. ಡೀಸೆಲ್ ಖರ್ಚಿಗೆ ನನ್ನ ಲೆಕ್ಕ ಸರಳ: ಒಂದು ಲೀಟರಿನಿಂದ ಒಂದು ಗಂಟೆ ಕಾಲ 4ರಿಂದ 5 ಎಚ್‌ಪಿ ಸಿಗುತ್ತದೆ. 15 ಎಚ್‌ಪಿ ಬಳಸಿದರೆ ಗಂಟೆಗೆ ಮೂರೂವರೆ ಲೀಟರ್ ಆಸುಪಾಸು.

ಒಂದೋ ಎರಡೋ ಎಂಬುದು ಇನ್ನೊಂದು ಪ್ರಶ್ನೆ. ದಕ್ಕೆಗೆ ಹಚ್ಚುವಾಗ, ಇಕ್ಕಟ್ಟಿನಲ್ಲಿ ತಿರುಗಿಸುವಾಗ ಎರಡು ಎಂಜಿನ್ ಬಲು ಅನುಕೂಲ. ಒಂದು ಕೆಟ್ಟರೆ ಇನ್ನೊಂದು ಇದೆಯಲ್ಲ ಎಂಬ ಧೈರ್ಯವನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಎರಡಕ್ಕೂ ಒಂದೇ ಟ್ಯಾಂಕು, ಒಂದೇ ಫಿಲ್ಟರು ಇದ್ದರೆ ನೀರು ಬೆರೆತ ಡೀಸೆಲ್ ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ನಮ್ಮ ಕಡೆ ಇನ್ನೊಂದು ವಿಷಯವಿದೆ. ಪಡನ್ನ ಸುತ್ತಮುತ್ತ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಮೀನು ಬೆಳೆಯುವ ಬಿದಿರಿನ ಚಪ್ಪರಗಳು, ಇಳಿಬಿಟ್ಟ ಹಗ್ಗಗಳು, ಮೀನಿನ ಬಲೆ, ಇಳಿತದಲ್ಲಿ ಮೇಲೆ ಬರುವ ಮರಳು ದಿಣ್ಣೆ. ಎರಡು ಶಾಫ್ಟಿನ (ಪ್ರೊಪೆಲ್ಲರು ತಿರುಗಿಸುವ ದಂಡ) ಬೋಟಿನಲ್ಲಿ ಪ್ರೊಪೆಲ್ಲರುಗಳು ಎರಡೂ ಬದಿಗೆ ಬರಿದಾಗಿ ನಿಂತಿರುತ್ತವೆ, ಹಗ್ಗ ಸುತ್ತಿಕೊಳ್ಳಲು ಅಷ್ಟು ಸಾಕು. ಒಂದೇ ಎಂಜಿನ್ನಾದರೆ ಪ್ರೊಪೆಲ್ಲರು ಕೀಲ್ ಎಂಬ, ಬೋಟಿನ ಅಡಿಯ ಬೆನ್ನೆಲುಬಿನ ಹಿಂದೆ ಮರೆಯಲ್ಲಿರುತ್ತದೆ, ಕೆಳಗೆ ಕಬ್ಬಿಣದ ಪಟ್ಟಿಯೂ ಇದ್ದರೆ ನೆಲ ತಾಗಿದರೂ ಎಲೆ ಮುರಿಯುವುದಿಲ್ಲ. ನಾನು ಆರಿಸಿದ್ದು ಒಂದೇ ಎಂಜಿನ್, ಜೊತೆಗೆ ಹಿಂಬದಿಯಲ್ಲಿ 9.9 ಎಚ್‌ಪಿಯ ಔಟ್‌ಬೋರ್ಡ್ (ಹೊರಗೆ ತೂಗುಹಾಕುವ ಸಣ್ಣ ಪೆಟ್ರೋಲ್ ಎಂಜಿನ್) ಹಚ್ಚಲು ಬ್ರಾಕೆಟ್. ದೊಡ್ಡದು ನಿಂತರೆ ಅದು ಬೋಟನ್ನು ದಡ ಸೇರಿಸುತ್ತದೆ. ಅದರ ಪೆಟ್ರೋಲನ್ನು ಡೆಕ್ಕಿನ ಮೇಲೆ ಗಾಳಿಯಾಡುವಲ್ಲೇ ಇಡಬೇಕು, ಎಂಜಿನ್ ಕೋಣೆಯಲ್ಲಿ ಇಡಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು.

ಈಗ ತಣಿಸುವ ವಿಚಾರ. ಹೊಳೆಯ ನೀರನ್ನೇ ನೇರ ಬ್ಲಾಕಿನೊಳಗೆ ಹಾಯಿಸುವ ಹಳೆಯ ಎಂಜಿನ್ನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನುತ್ತೇನೆ. ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ, ಸರಿಪಡಿಸುವ ದಾರಿಯೂ ಇಲ್ಲ. ಎರಡನೆಯ ಬಗೆ ಹೀಟ್ ಎಕ್ಸ್‌ಚೇಂಜರ್: ಬ್ಲಾಕಿನೊಳಗೆ ಕೂಲೆಂಟ್ ಎಂಬ ತಣಿಸುವ ದ್ರವ, ಹೊರಗಿನ ನೀರು ಕೊಳವೆಗಳಲ್ಲಿ ಹರಿದು ಅದರ ಬಿಸಿ ಹೊತ್ತು ಸೈಲೆನ್ಸರಿನ ಮೂಲಕ ಹೊರಗೆ. ಇಲ್ಲಿ ನೋಡಬೇಕಾದದ್ದು ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರಿನ ಇಂಪೆಲ್ಲರ್ ಮತ್ತು ಎಕ್ಸಾಸ್ಟಿಗೆ ನೀರು ಬೆರೆಯುವ ಮೊಣಕೈ ಪೈಪು. ಆ ಪೈಪನ್ನು ಬಿಚ್ಚಿಸಿ ನೋಡದೆ ನಾನು ಬೆಲೆ ಮಾತಾಡುವುದಿಲ್ಲ. ಒಳಗಡೆ ಮಸಿಯೂ ಉಪ್ಪೂ ಸೇರಿ ಕಟ್ಟಿ ಕಂಡಿ ಕಿರಿದಾಗಿದ್ದರೆ ಎಂಜಿನ್ ಉಸಿರುಕಟ್ಟಿಕೊಂಡೇ ಓಡಿದೆ ಎಂದು ಅರ್ಥ. ಗೋಡೆ ತೂತಾಗಿದ್ದರೆ ನೀರು ಹಿಂದಕ್ಕೆ ಸಿಲಿಂಡರಿಗೇ ಇಳಿದಿರಬಹುದು. ಇಂಪೆಲ್ಲರಿನ ಒಂದು ಎಲೆ ಕಾಣೆಯಾಗಿದ್ದರೆ ಆ ತುಂಡು ಮುಂದೆ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಿದೆ ಎಂದೇ ತಿಳಿದು ಹುಡುಕಬೇಕು.

ಮೂರನೆಯದು ಕೀಲ್ ಕೂಲಿಂಗ್. ಕೂಲೆಂಟು ಬೋಟಿನ ಅಡಿಯಲ್ಲಿ ಹೊರಗಿರುವ ಪೈಪುಗಳಲ್ಲಿ ಸುತ್ತಿ ಬರುತ್ತದೆ, ಹೊಳೆಯ ನೀರು ಎಂಜಿನ್ನಿನ ಹತ್ತಿರವೂ ಸುಳಿಯುವುದಿಲ್ಲ. ಕೆಂಪು ಕೆಸರು, ತೇಲುವ ಜೊಂಡು, ಪಾಚಿ ಇರುವ ಹಿನ್ನೀರಿಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ತೊಂದರೆ ಎರಡು. ಎಕ್ಸಾಸ್ಟ್ ಪೈಪಿನಲ್ಲಿ ನೀರಿಲ್ಲದ್ದರಿಂದ ಅದು ಕೆಂಡದಂತೆ ಕಾಯುತ್ತದೆ, ಉದ್ದಕ್ಕೂ ಶಾಖ ತಡೆಯುವ ಪಟ್ಟಿ ಸುತ್ತಿರಬೇಕು. ಮತ್ತೆ ಅಡಿಯ ಪೈಪಿನ ಮೇಲೆ ಚಿಪ್ಪು ಬೆಳೆದರೆ ಬಿಸಿ ಇಳಿಯುವುದಿಲ್ಲ, ಬೋಟು ಮೇಲೆಳೆದಾಗಲೆಲ್ಲ ಕೆರೆಯಬೇಕು. ಬೋಟು ಮೇಲಿದ್ದಾಗಲೇ ಆನೋಡುಗಳನ್ನೂ (ತಾವು ಸವೆದು ಮಿಕ್ಕ ಲೋಹವನ್ನು ಉಳಿಸುವ ತುಂಡುಗಳು) ನೋಡಿ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪಾಗುವ ನಮ್ಮ ನೀರಿಗೆ ಸತುವಿನದಕ್ಕಿಂತ ಅಲ್ಯೂಮಿನಿಯಂ ಆನೋಡು ಸರಿ. ಸತುವು ಸಿಹಿನೀರಿನಲ್ಲಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಂಜಿನ್ನನ್ನು ಯಾರೂ ಚಾಲೂ ಮಾಡಬಾರದು ಎಂದು ಮೊದಲೇ ಹೇಳಿಡುತ್ತೇನೆ. ಹೋದ ಕೂಡಲೇ ಬ್ಲಾಕಿನ ಮೇಲೆ ಕೈಯಿಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡುವುದು, ಯಾಕೆಂದರೆ ತಣ್ಣಗಿನ ಎಂಜಿನ್ ಹೇಳುವ ಸತ್ಯವನ್ನು ಬಿಸಿಯಾದದ್ದು ಹೇಳುವುದಿಲ್ಲ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಗೇರ್‌ಬಾಕ್ಸಿನ ಎಣ್ಣೆ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಹೋಗುತ್ತಿವೆ. ಆಮೇಲೆ ಚಾಲೂ. ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ಹೋಗಬೇಕು; ಬಿಸಿಯಾದ ಮೇಲೂ ಉಳಿದರೆ ಉರಿಯದ ಡೀಸೆಲ್ ಅಥವಾ ಒಳಗೆ ನುಗ್ಗುವ ನೀರು. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಗೆ ಗಾಳಿಯ ಕೊರತೆ, ಇಂಜೆಕ್ಟರ್ ಅಥವಾ ಮಿತಿ ಮೀರಿದ ಭಾರ ಕಾರಣ. ಎಣ್ಣೆ ಸುರಿಯುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ನುಗ್ಗಿದರೆ ರಿಂಗುಗಳು ಸವೆದಿವೆ. ಅನುಮಾನ ಬಂದರೆ ಕಂಪ್ರೆಶನ್ ಅಳೆಸುತ್ತೇನೆ. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡಾ 10 ಮೀರಬಾರದು.

ನೀರಿನಲ್ಲಿ ಓಡಿಸುವಾಗ ಒಮ್ಮೆಗೆ 200 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಏರಿಸುತ್ತಾ ಪ್ರತಿ ಹಂತದಲ್ಲಿ ವೇಗ, ಬಿಸಿ, ಎಣ್ಣೆಯ ಒತ್ತಡ ಬರೆದುಕೊಳ್ಳಿ. ಹರಿವಿನ ಜೊತೆಗೂ ಎದುರಿಗೂ ಓಡಿಸಿ ವೇಗದ ಸರಾಸರಿ ತೆಗೆದರೇ ಲೆಕ್ಕ ಸರಿಬರುವುದು. ಕೊನೆಗೆ ಥ್ರಾಟಲ್ ಪೂರ್ತಿ ಕೊಟ್ಟು ಹದಿನೈದು ನಿಮಿಷ. ಕಂಪನಿ 2600 ಎಂದು ಬರೆದಿದ್ದು ಎಂಜಿನ್ 2300ರಲ್ಲೇ ನಿಂತರೆ ಪ್ರೊಪೆಲ್ಲರು ಭಾರವಾಗಿದೆ, ಇಲ್ಲವೇ ಅಡಿ ಚಿಪ್ಪು ಹಿಡಿದಿದೆ, ಇಲ್ಲವೇ ಎಂಜಿನ್ನೇ ದಣಿದಿದೆ. ಅಡಿ ಶುದ್ಧವಿದ್ದು ಹೊಗೆ ಕಪ್ಪಾಗಿದ್ದರೆ ಮೊದಲ ಅನುಮಾನ ಪ್ರೊಪೆಲ್ಲರಿನ ಮೇಲೆ, ಅದರ ಪಿಚ್ (ಎಲೆಗಳ ಓರೆ) ಇಳಿಸುವುದು ವರ್ಕ್‌ಶಾಪಿನ ಕೆಲಸ. ಶಾಫ್ಟಿನ ಜೋಡಣೆಯನ್ನು ಬೋಟು ನೀರಿನಲ್ಲಿದ್ದಾಗಲೇ ಅಳೆಯಬೇಕು, ದಡದ ಮೇಲೆ ಬೋಟಿನ ಆಕಾರವೇ ಕೊಂಚ ಬೇರೆ. ಶಾಫ್ಟು ಗೇರ್‌ಬಾಕ್ಸಿಗೆ ಸೇರುವ ಕಪ್ಲಿಂಗಿನ ಸುತ್ತ ನಾಲ್ಕು ಕಡೆ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ: 100 ಮಿಲಿಮೀಟರ್ ವ್ಯಾಸಕ್ಕೆ ವ್ಯತ್ಯಾಸ 0.1 ಮಿಲಿಮೀಟರಿನೊಳಗಿರಲಿ.

ಕಾಗದದಲ್ಲಿ ಒಂದೇ ಮಾತು: ನೋಂದಣಿ ಪತ್ರದ ಎಂಜಿನ್ ನಂಬರು ಬ್ಲಾಕಿನ ಮೇಲಿನದಕ್ಕೆ ತಾಳೆಯಾಗದಿದ್ದರೆ ಅದನ್ನು ಮಾರುವವರೇ ಸರಿಪಡಿಸಿಕೊಡಲಿ, ಆಮೇಲೆ ಮುಂಗಡ.

ಜನರೇಟರಿನಲ್ಲಿ ಎಲ್ಲರೂ ಮಾಡುವುದು ಇರುವ ಸಾಮಾನನ್ನೆಲ್ಲ ಕೂಡಿಸಿ ದೊಡ್ಡದನ್ನು ತರುವುದು. ಒಂದು ಟನ್ನಿನ ಎರಡು ಇನ್ವರ್ಟರ್ ಎಸಿ 2.2 ಕಿಲೋವ್ಯಾಟ್, ಫ್ರಿಜ್, ಫ್ಯಾನು, ದೀಪ, ಪಂಪು ಸೇರಿ 0.8. ಇಲ್ಲಿಗೆ 3. ಗೀಸರ್ 2, ಕೆಟಲ್ 1.5, ಮಿಕ್ಸಿ 0.75 ಸೇರಿಸಿದರೆ 7 ದಾಟುತ್ತದೆ, 10 ಕೆವಿಎ ಬೇಕೆನಿಸುತ್ತದೆ. ಆದರೆ ನಡುರಾತ್ರಿ ಎಲ್ಲರೂ ಮಲಗಿದ ಮೇಲೆ ಎಸಿಗಳು ಇಳಿದು ಒಟ್ಟು ಭಾರ ಬರೇ 1.2 ಕಿಲೋವ್ಯಾಟ್. 10 ಕೆವಿಎ ಎಂದರೆ 8 ಕಿಲೋವ್ಯಾಟ್, ಅದಕ್ಕೆ ಇದು ಶೇಕಡಾ 15. ಡೀಸೆಲ್ ಜನರೇಟರು ಶೇಕಡಾ 30ಕ್ಕಿಂತ ಕೆಳಗೆ ಗಂಟೆಗಟ್ಟಲೆ ಓಡಿದರೆ ಉರಿಯದ ಡೀಸೆಲ್ ಎಕ್ಸಾಸ್ಟಿನಲ್ಲಿ ಕಪ್ಪು ಜಿಡ್ಡಾಗಿ ಸೋರುತ್ತದೆ. ಹಳೆಯ ಜನರೇಟರು ನೋಡುವಾಗ ಎಕ್ಸಾಸ್ಟಿನ ಬಾಯಿಗೆ ಬೆರಳು ಹಾಕಿ. ಒಣ ಮಸಿ ಬಂದರೆ ಸರಿ, ಒದ್ದೆ ಜಿಡ್ಡು ಬಂದರೆ ಅದು ಹೀಗೆ ಓಡಿದ್ದೇ.

ನಾನು ಗೀಸರನ್ನು ತೆಗೆಸಿ ಹಾಕಿದೆ, ಚಹಾಕ್ಕೆ ಗ್ಯಾಸ್ ಇದೆ. 5 ಕೆವಿಎ, ಅಂದರೆ 4 ಕಿಲೋವ್ಯಾಟಿನ ಜನರೇಟರು ಸಂಜೆ ಏಳರಿಂದ ಹತ್ತರವರೆಗೆ ಮುಕ್ಕಾಲು ಭಾರದಲ್ಲಿ ಓಡುತ್ತದೆ. ಆಮೇಲೆ ಬ್ಯಾಟರಿ: 25.6 ವೋಲ್ಟಿನ 400 ಆಂಪಿಯರ್-ಅವರ್ ಲಿಥಿಯಂ, ಸುಮಾರು 10 ಯೂನಿಟ್. ಅದರಲ್ಲಿ 8 ಬಳಸಿದರೆ ಬೆಳಗಿನ ಜಾವದವರೆಗೆ ಬರುತ್ತದೆ. ಮಾಡಿನ ಮೇಲಿನ 2 ಕಿಲೋವ್ಯಾಟ್ ಸೋಲಾರ್ ಫೆಬ್ರವರಿ, ಮಾರ್ಚಿನ ಬಿಸಿಲಿಗೆ ದಿನಕ್ಕೆ 8 ಯೂನಿಟ್ ಹತ್ತಿರ ಕೊಡುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

1500 ಆರ್‌ಪಿಎಂನದೋ 3000ದ್ದೋ ಎಂದರೆ ಮಲಗುವ ಬೋಟಿಗೆ 1500ರದ್ದೇ. ತೂಕ, ಬೆಲೆ ಹೆಚ್ಚು. ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಪರೀಕ್ಷಿಸುವಾಗ ಭಾರವಿಲ್ಲದೆ 52 ಹರ್ಟ್ಜ್ ಇದ್ದದ್ದು ಪೂರ್ತಿ ಭಾರಕ್ಕೆ 50ರ ಹತ್ತಿರ ನಿಲ್ಲಬೇಕು. 48ಕ್ಕೆ ಕುಸಿದರೆ ವೇಗ ಹಿಡಿದಿಡುವ ಗವರ್ನರ್ ಅಥವಾ ಡೀಸೆಲ್ ಪೂರೈಕೆ ನೋಡಿಸಿ. ಬೋಟಿನಲ್ಲಿ ಹಳೆಯ ಸಾಮಾನ್ಯ ಎಸಿ ಇದ್ದರೆ ಅದು ಚಾಲೂ ಆಗುವ ಕ್ಷಣದಲ್ಲಿ ಮೂರು ಪಟ್ಟಿಗೂ ಮಿಕ್ಕಿ ಕರೆಂಟು ಎಳೆಯುತ್ತದೆ, ಆದ್ದರಿಂದ ಎಸಿ ಹಾಕಿಯೇ ಪರೀಕ್ಷೆ ಮಾಡಿ. ದಕ್ಕೆಯ ಕರೆಂಟು, ಜನರೇಟರು ಎರಡೂ ಒಟ್ಟಿಗೆ ಸೇರದಂತೆ ಚೇಂಜ್‌ಓವರ್ ಸ್ವಿಚ್ಚು ನ್ಯೂಟ್ರಲನ್ನೂ ಬದಲಿಸುವಂಥದ್ದಾಗಿರಬೇಕು.

ನೀರು ಬೆರೆಸುವ ಎಕ್ಸಾಸ್ಟ್ ಇರುವ ಜನರೇಟರು ಹಿಡಿಯದಿದ್ದಾಗ ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ಪಂಪು ತಳ್ಳಿದ ನೀರನ್ನು ಹೊರಹಾಕಲು ಹೊಗೆಯಿಲ್ಲ, ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಹತ್ತುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎರಡು ಸಲ ಹಿಡಿಯದಿದ್ದರೆ ಹೊರಗಿನ ನೀರಿನ ವಾಲ್ವ್ ಮುಚ್ಚಿ ಮತ್ತೆ ನೋಡಿ, ಹಿಡಿದ ಕೂಡಲೇ ತೆರೆಯಿರಿ.

ಎಲ್ಲಕ್ಕಿಂತ ಹೆಚ್ಚು ನಾನು ಕಾಳಜಿ ಮಾಡುವುದು ಹೊಗೆಯ ದಾರಿಯನ್ನು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ (ಸಿಒ) ಎಂಬ ವಿಷಗಾಳಿಗೆ ವಾಸನೆಯಿಲ್ಲ. ಲಂಗರು ಹಾಕಿದ ಬೋಟು ಗಾಳಿಗೆ ಮುಖ ಮಾಡಿ ನಿಂತರೆ ಹಿಂಬದಿಯ ಹೊಗೆ ಸಾಮಾನ್ಯವಾಗಿ ದೂರ ಹೋಗುತ್ತದೆ. ದಕ್ಕೆಗೆ ಕಟ್ಟಿದ ಬೋಟು ತಿರುಗುವುದಿಲ್ಲ. ಹೌಸ್‌ಬೋಟುಗಳು ತಂಗುವ ಕೊಟ್ಟಪ್ಪುರಂನಂಥ ಕಡೆ ಸಾಲಾಗಿ ನಿಂತಾಗ ಪಕ್ಕದ ಬೋಟಿನ ಹೊಗೆಯೂ ನಮ್ಮ ಕಿಟಕಿಗೆ ಬರಬಹುದು. ಎಕ್ಸಾಸ್ಟಿನ ಬಾಯಿ ಕಿಟಕಿಯ ಕೆಳಗೆ, ಮಕ್ಕಳು ನೀರಿಗಿಳಿಯುವ ಹಲಗೆಯ ಹತ್ತಿರ ಇದ್ದರೆ ಬೋಟು ಕೊಂಡ ಕೂಡಲೇ ಅದನ್ನು ಬದಲಿಸಿ. ಎರಡೂ ಕೋಣೆಯಲ್ಲಿ ಒಂದೊಂದು ಸಿಒ ಅಲಾರಂ ಹಾಕಿ, ಅದರ ಪರೀಕ್ಷಾ ಗುಂಡಿ ಒತ್ತಿ ಕೂಗಿಸಿ ನೋಡಿದ ಮೇಲೇ ಮೊದಲ ರಾತ್ರಿ ಬೋಟಿನಲ್ಲಿ ಮಲಗಿ.